ಚಾಸುಬಲ್ ಕೊಡಿಸೋಣವೇ, ಕೋಪ್ ಕೊಡಿಸೋಣವೇ? ಪೂಜಾವಸ್ತ್ರ ಆರಿಸುವ ಮುಂಚೆ ಹೆಸರಿನ ಅರ್ಥ ತಿಳಿಯಿರಿ

ಕಥೋಲಿಕ ಯುವಕನೊಬ್ಬ ಪಾದ್ರಿಯಾಗುವ ಗುರುದೀಕ್ಷೆ ಹತ್ತಿರ ಬಂತು ಅಂದರೆ ಆ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಸ ಗುರುಗಳಿಗೆ ಯಾವ ಪೂಜಾವಸ್ತ್ರ ಕೊಡಿಸೋಣ? ಸೋದರಮಾವ ಒಂದು ಹೇಳುತ್ತಾರೆ, ಧರ್ಮಕೇಂದ್ರದ, ಅಂದರೆ ಊರ ಚರ್ಚಿನ, ಹಿರಿಯರು ಇನ್ನೊಂದು ಹೇಳುತ್ತಾರೆ. ಅಂಗಡಿಗೆ ಹೋದರೆ ಚಾಸುಬಲ್, ಕೋಪ್, ಡಾಲ್ಮ್ಯಾಟಿಕ್, ಆಲ್ಬ್, ಸ್ಟೋಲ್, ಗೋಥಿಕ್, ರೋಮನ್ ಅಂತ ಹೆಸರುಗಳ ಸಾಲೇ ಬರುತ್ತದೆ. ಆನ್‌ಲೈನ್ ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಜರಿ, ಶಿಲುಬೆ, ಅಗಲವಾದ ಬಟ್ಟೆ.

ಹೆಸರಿನಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಈ ಬಟ್ಟೆಗಳು ಮೊದಲು ಚರ್ಚಿನವು ಆಗಿರಲೇ ಇಲ್ಲ. ರೋಮನ್ ಸಾಮ್ರಾಜ್ಯದ ಬೀದಿಯಲ್ಲಿ, ಮಳೆಯಲ್ಲಿ, ಪ್ರಯಾಣದಲ್ಲಿ ಜನ ತೊಡುತ್ತಿದ್ದ ಬಟ್ಟೆಗಳು ಅವು. ಯಾವ ಕೆಲಸಕ್ಕೆ ಹುಟ್ಟಿದವು ಅನ್ನೋದು ಹೆಸರಿನಲ್ಲೇ ಉಳಿದಿದೆ. ಇವತ್ತು ಯಾವುದನ್ನು ಯಾವಾಗ ಹಾಕಬೇಕು ಅನ್ನೋದೂ ಅಲ್ಲಿಂದಲೇ ಬಂದಿದೆ.

ಚಾಸುಬಲ್: ಮೈಮೇಲಿನ ಪುಟ್ಟ ಮನೆ

ಬಲಿಪೂಜೆ (ಮಾಸ್) ಅರ್ಪಿಸುವಾಗ ಗುರುಗಳು ಎಲ್ಲಕ್ಕಿಂತ ಮೇಲೆ ಹಾಕಿಕೊಳ್ಳುವ ಅಗಲವಾದ ಬಟ್ಟೆಯೇ ಚಾಸುಬಲ್. ಮುಂದೆ ತೆರೆದಿರುವುದಿಲ್ಲ, ತಲೆಯ ಮೇಲಿಂದ ಹಾಕಿಕೊಳ್ಳಬೇಕು. ಚರ್ಚಿನ ಪಂಚಾಂಗದಲ್ಲಿ ಆ ಕಾಲದ ಬಣ್ಣ ಹಸಿರೋ ಬಿಳಿಯೋ ಅಂತ ನಮಗೆ ದೂರದಿಂದಲೇ ಗೊತ್ತಾಗುವುದು ಇದನ್ನು ನೋಡಿ.

ಲ್ಯಾಟಿನ್‌ನಲ್ಲಿ ‘ಕಾಸ’ ಅಂದರೆ ಗುಡಿಸಲು. ‘ಕಾಸುಲ’ ಅಂದರೆ ಪುಟ್ಟ ಗುಡಿಸಲು. ಕಾಸುಲ ಜನರ ಬಾಯಲ್ಲಿ ‘ಕಾಸುಬ್ಲ’ ಆಯಿತು. ಅದು ಫ್ರೆಂಚ್‌ಗೆ ಹೋಗಿ, ಅಲ್ಲಿಂದ ಇಂಗ್ಲಿಷ್‌ಗೆ ಬಂದು ಚಾಸುಬಲ್ ಆಯಿತು. ಪೋರ್ಚುಗೀಸರು ಈಗಲೂ ಕಾಸುಲ ಅಂತಲೇ ಅನ್ನುತ್ತಾರೆ. ಜರ್ಮನ್ನರಿಗೆ ಅದು ‘ಕಾಜೆಲ್’.

ಬಟ್ಟೆಗೆ ಮನೆಯ ಹೆಸರು ಯಾಕೆ? ಸ್ಪೇನ್‌ನ ಸೆವಿಲ್ಲೆಯ ಬಿಷಪ್ ಸಂತ ಇಸಿದೋರ್ ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ. ಅವರು ತೀರಿಕೊಂಡದ್ದು 636ರಲ್ಲಿ. ತಲೆಗೆ ಮುಸುಕಿರುವ ಈ ಬಟ್ಟೆ ಇಡೀ ಮನುಷ್ಯನನ್ನು ಪುಟ್ಟ ಮನೆಯಂತೆ ಮುಚ್ಚುತ್ತದೆ, ಅದಕ್ಕೇ ಈ ಹೆಸರು ಅನ್ನುತ್ತಾರೆ ಅವರು. ಆಗಿನ ಚಾಸುಬಲ್‌ನ ಆಕಾರ ಗೊತ್ತಿದ್ದರೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅರ್ಧ ವೃತ್ತದ ದೊಡ್ಡ ಬಟ್ಟೆ. ಅದನ್ನು ಸುತ್ತಿ ಮುಂದೆ ಹೊಲಿಗೆ ಹಾಕುತ್ತಿದ್ದರು. ತಲೆಗೆ ಮಾತ್ರ ತೂತು, ಕೈಗೆ ಇಲ್ಲ. ಕೈ ಹೊರಗೆ ತರಬೇಕಾದರೆ ಅಂಚನ್ನು ಮೇಲಕ್ಕೆ ಮಡಚಬೇಕಿತ್ತು. ಅದರೊಳಗೆ ನಿಂತವನು ನಿಜಕ್ಕೂ ಮನೆಯೊಳಗೆ ಇದ್ದ ಹಾಗೆಯೇ.

ಇದರ ಮೂಲ ಬಟ್ಟೆಯ ಹೆಸರು ‘ಪೇನುಲ’. ರೋಮನ್ನರು ಪ್ರಯಾಣದಲ್ಲಿ, ಚಳಿಯಲ್ಲಿ ಹೊದೆಯುತ್ತಿದ್ದ ಸಾದಾ ಹೊದಿಕೆ. ಮೊದಮೊದಲು ದುಡಿಯುವ ಜನ ಹಾಕುತ್ತಿದ್ದರು. ಆಮೇಲೆ ದೊಡ್ಡವರೂ ಹಾಕಿದರು. 382ರ ಒಂದು ಕಾನೂನಂತೂ ಸೆನೆಟರ್‌ಗಳು ನಗರದೊಳಗೆ ಸೈನಿಕರ ಮೇಲಂಗಿ ಬಿಟ್ಟು ಪೇನುಲದಂಥ ಬಟ್ಟೆಯನ್ನೇ ಹಾಕಬೇಕು ಅಂತ ಹೇಳಿತು. ಹೊರಗೆ ಜನರ ಉಡುಪು ಬದಲಾಗುತ್ತಾ ಹೋಯಿತು. ಚರ್ಚಿನೊಳಗೆ ಮಾತ್ರ ಗುರುಗಳು ಹಳೆಯದನ್ನೇ ಉಳಿಸಿಕೊಂಡರು. 633ರ ಹೊತ್ತಿಗೆ ಇದು ಗುರುಪದವಿಯ ಗುರುತೇ ಆಗಿತ್ತು. ಆ ವರ್ಷ ಸ್ಪೇನ್‌ನ ಟೊಲೆಡೊದಲ್ಲಿ ಸೇರಿದ ಧರ್ಮಸಭೆ, ಅನ್ಯಾಯವಾಗಿ ಪದವಿ ಕಳೆದುಕೊಂಡ ಗುರುವಿಗೆ ಅದನ್ನು ಮರಳಿ ಕೊಡುವಾಗ ಸ್ಟೋಲ್ (ಕುತ್ತಿಗೆಯಿಂದ ಇಳಿಬಿಡುವ ಉದ್ದನೆಯ ಪಟ್ಟಿ) ಮತ್ತು ಈ ಬಟ್ಟೆಯನ್ನೂ ಕೊಡಬೇಕು ಅಂತ ನಿಯಮ ಮಾಡಿತು.

ಬೈಬಲ್ ಓದುವವರಿಗೆ ಒಂದು ಸಂಗತಿ ಖುಷಿ ಕೊಡುತ್ತದೆ. ಸಂತ ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ತ್ರೋವದಲ್ಲಿ ಕಾರ್ಪನ ಹತ್ತಿರ ಬಿಟ್ಟು ಬಂದ ಮೇಲಂಗಿಯನ್ನು ತೆಗೆದುಕೊಂಡು ಬಾ ಅಂತ ಕೇಳುತ್ತಾನೆ. ಅಲ್ಲಿನ ಗ್ರೀಕ್ ಪದ ಇದೇ ಪೇನುಲದ ಒಡಹುಟ್ಟು. ಗ್ರೀಕ್ ಆರ್ಥೊಡಾಕ್ಸ್ ಗುರುಗಳು ಇವತ್ತು ತೊಡುವ ‘ಫೆಲೋನಿಯನ್’ ಹೆಸರು ಬಂದಿದ್ದೂ ಅಲ್ಲಿಂದಲೇ. ಪೌಲ ಕೇಳಿದ್ದು ಪೂಜೆಯ ಬಟ್ಟೆಯನ್ನಲ್ಲ, ಚಳಿಗಾಲಕ್ಕೆ ಬೇಕಾದ ಹೊದಿಕೆಯನ್ನು.

ಕೋಪ್: ಮಳೆಯ ಹೊದಿಕೆ

ಕೋಪ್ ಮುಂದೆ ಪೂರ್ತಿ ತೆರೆದಿರುತ್ತದೆ. ಎದೆಯ ಹತ್ತಿರ ಒಂದು ಕೊಂಡಿ ಅಥವಾ ಪಟ್ಟಿ ಅದನ್ನು ಹಿಡಿದಿಡುತ್ತದೆ. ಹಿಂದೆ, ಬೆನ್ನ ಮೇಲೆ, ಗುರಾಣಿಯ ಆಕಾರದ ಒಂದು ತುಂಡು ಜೋತುಬಿದ್ದಿರುತ್ತದೆ. ಅದು ಸುಮ್ನೆ ಅಲಂಕಾರಕ್ಕೆ ಬಂದಿದ್ದಲ್ಲ. ಒಂದು ಕಾಲದಲ್ಲಿ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ ಮುಸುಕು ಅದು. ಚರ್ಚಿನ ಲ್ಯಾಟಿನ್‌ನಲ್ಲಿ ಈ ಬಟ್ಟೆಗೆ ‘ಪ್ಲುವಿಯಾಲೆ’ ಅನ್ನುತ್ತಾರೆ. ‘ಪ್ಲುವಿಯ’ ಅಂದರೆ ಮಳೆ. ಮಲೆನಾಡಿನಲ್ಲಿ ಗದ್ದೆ ಕೆಲಸಕ್ಕೆ ಹೋಗುವವರು ಹಾಕುತ್ತಿದ್ದ ಕಂಬಳಿ ಕೊಪ್ಪೆ ನೆನಪಿದೆ ಅಲ್ವಾ? ಕೋಪ್ ಹುಟ್ಟಿದ ಕಾರಣವೂ ಅದೇ. ತಲೆ ನೆನೆಯಬಾರದು, ನಡಿಗೆ ನಿಲ್ಲಬಾರದು.

ಹಾಗಾಗಿ ಕೋಪ್ ನಡಿಗೆಯ ಬಟ್ಟೆ. ಪರಮಪ್ರಸಾದದ ಮೆರವಣಿಗೆ, ಆಶೀರ್ವಾದದ ಆರಾಧನೆ, ಬಲಿಪೂಜೆ ಇಲ್ಲದೆ ನಡೆಯುವ ಮದುವೆ, ಸ್ಮಶಾನದ ಪ್ರಾರ್ಥನೆ, ಗರಿಗಳ ಭಾನುವಾರದ ಮೆರವಣಿಗೆ ಇವೆಲ್ಲ ಅದರ ಜಾಗ. ಕೋಪ್ ಹಾಕಿಕೊಂಡು ಬಲಿಪೂಜೆ ಅರ್ಪಿಸುವುದಿಲ್ಲ. ಚರ್ಚಿನ ನಿಯಮದ ಪ್ರಕಾರ ಬಲಿಪೂಜೆ ಅರ್ಪಿಸುವ ಗುರುವಿನ ವಸ್ತ್ರ ಚಾಸುಬಲ್.

ಕೋಪ್ ಅನ್ನುವ ಪದ ಬಂದಿದ್ದು ಲ್ಯಾಟಿನ್‌ನ ‘ಕಾಪ್ಪ’ದಿಂದ. ಅದರ ಇನ್ನೊಂದು ಮಗು ನಿಮಗೆ ಚೆನ್ನಾಗಿ ಗೊತ್ತು. 4ನೇ ಶತಮಾನದಲ್ಲಿ ಸಂತ ಮಾರ್ಟಿನ್ ಇನ್ನೂ ಸೈನಿಕನಾಗಿದ್ದಾಗ, ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿ ಕತ್ತರಿಸಿ ಅರ್ಧ ಕೊಟ್ಟ ಅನ್ನುವ ಕಥೆ ಇದೆ. ಫ್ರಾಂಕ್ ರಾಜರು ಆ ಬಟ್ಟೆಯನ್ನು ಪವಿತ್ರ ಅಂತ ಕಾಪಾಡಿಕೊಂಡು ಬಂದರು. ಪುಟ್ಟ ಕಾಪ್ಪ, ಅಂದರೆ ‘ಕಾಪ್ಪೆಲ್ಲ’. ಅದನ್ನು ಇಟ್ಟ ಪ್ರಾರ್ಥನೆಯ ಜಾಗಕ್ಕೂ ಅದೇ ಹೆಸರು ಬಂತು. ಅದೇ ಇಂದಿನ ಚಾಪೆಲ್. ಅದನ್ನು ನೋಡಿಕೊಳ್ಳುತ್ತಿದ್ದವರಿಂದ ಚಾಪ್ಲೇನ್ (ಚಾಪೆಲ್‌ನ ಗುರು) ಅನ್ನುವ ಪದ ಬಂತು. ಮಂಗಳೂರಿನಲ್ಲಿ ಇಟಲಿಯ ಚಿತ್ರಕಾರ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳನ್ನು ನೋಡಲು ಅಲೋಶಿಯಸ್ ಚಾಪೆಲ್‌ಗೆ ಜನ ಹೋಗುತ್ತಾರಲ್ಲ, ಆ ಹೆಸರಿನ ಬೇರಿನಲ್ಲೂ ಒಂದು ಹೊದಿಕೆ ಇದೆ. ಅಂದರೆ ಚಾಸುಬಲ್‌ನಲ್ಲಿ ಮನೆಯ ಹೆಸರು ಬಟ್ಟೆಗೆ ಬಂತು. ಚಾಪೆಲ್‌ನಲ್ಲಿ ಬಟ್ಟೆಯ ಹೆಸರು ಮನೆಗೆ ಹೋಯಿತು. ನನಗೆ ಈ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡುವುದೇ ಒಂದು ಸಂತೋಷ.

ಹಳೆಯ ಚಾಸುಬಲ್‌ಗೂ ಕೋಪ್‌ಗೂ ಆಕಾರದಲ್ಲಿ ಅಂಥ ದೂರವೇನಿಲ್ಲ. ಎರಡೂ ಅರ್ಧ ವೃತ್ತ. ಒಂದಕ್ಕೆ ಮುಂದೆ ಹೊಲಿಗೆ ಇದೆ, ಇನ್ನೊಂದಕ್ಕೆ ಇಲ್ಲ. ಇದಕ್ಕೆ ಸಾಕ್ಷಿ ಬುಡಾಪೆಸ್ಟ್‌ನ ಹಂಗೇರಿ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಹಂಗೇರಿಯ ರಾಜರು ಪಟ್ಟಾಭಿಷೇಕಕ್ಕೆ ಹೊದೆಯುತ್ತಿದ್ದ ಮೇಲಂಗಿ ಅದು. ನೋಡಿದರೆ ಕೋಪ್ ಅಂತಲೇ ಅನ್ನಿಸುತ್ತದೆ. ಆದರೆ ಬಟ್ಟೆಯ ಮೇಲೆ ಕಸೂತಿಯಲ್ಲಿ ಲ್ಯಾಟಿನ್ ಬರಹ ಇದೆ. 1031ರಲ್ಲಿ ರಾಜ ಸ್ಟೀಫನ್ ಮತ್ತು ರಾಣಿ ಗಿಸೆಲಾ ‘ಈ ಕಾಸುಲ’ವನ್ನು ಮಾಡಿಸಿ ಸಂತ ಮರಿಯಮ್ಮನವರ ಚರ್ಚಿಗೆ ಕೊಟ್ಟರು ಅಂತ ಅದು ಹೇಳುತ್ತದೆ. ಚರ್ಚಿಗೆ ಕೊಟ್ಟ ಚಾಸುಬಲ್ ಅದು. ಆಮೇಲೆ ಮುಂಭಾಗ ಕತ್ತರಿಸಿ ರಾಜರ ಮೇಲಂಗಿ ಮಾಡಿದರು. ಕತ್ತರಿ ಹಾಕಿದ ಮೇಲೂ ಬಟ್ಟೆ ತನ್ನ ಹೆಸರನ್ನು ಹೇಳಿಕೊಳ್ಳುತ್ತಲೇ ಇದೆ.

ಹಾಗಾದರೆ ಇವೆರಡರಲ್ಲಿ ಯಾವುದು?

ಹೊಸ ಗುರುಗಳಿಗೆ ಕೊಡುವುದಾದರೆ ಚಾಸುಬಲ್. ಇದರಲ್ಲಿ ನನಗೆ ಸಂಶಯವೇ ಇಲ್ಲ. ಗುರುದೀಕ್ಷೆಯ ದಿನ ಎಲ್ಲರ ಎದುರು ಅವರಿಗೆ ತೊಡಿಸುವುದು ಸ್ಟೋಲ್ ಮತ್ತು ಚಾಸುಬಲ್. ಅದನ್ನು ಹಾಕುವಾಗ ಹೇಳುವ ಹಳೆಯ ಪ್ರಾರ್ಥನೆಯಲ್ಲಿ ಕ್ರಿಸ್ತನ ನೊಗ ಮತ್ತು ಹಗುರವಾದ ಹೊರೆಯ ಮಾತಿದೆ. ಪ್ರೀತಿ ಎಲ್ಲವನ್ನೂ ಮುಚ್ಚುವಂತೆ ಈ ಬಟ್ಟೆ ಮಿಕ್ಕ ಬಟ್ಟೆಗಳನ್ನೆಲ್ಲ ಮುಚ್ಚುತ್ತದೆ ಅಂತಲೂ ಹಿರಿಯರು ವಿವರಿಸಿದ್ದಾರೆ. ಹಾಗಾಗಿ ಸ್ಟೋಲ್ ಒಳಗೆ, ಚಾಸುಬಲ್ ಮೇಲೆ. ಸ್ಟೋಲ್ ಮೇಲೆಯೇ ಕಾಣುವಂತೆ ಹೊಲಿದ ಚಾಸುಬಲ್‌ಗಳೂ ಮಾರಾಟಕ್ಕೆ ಇವೆ. ಚೆಂದ ಕಾಣಬಹುದು. ಆದರೆ ಪುಟ್ಟ ಮನೆ ಎಲ್ಲವನ್ನೂ ಒಳಗಿಟ್ಟುಕೊಳ್ಳಬೇಕು ಅನ್ನುವ ಅರ್ಥ ಅಲ್ಲಿ ತಪ್ಪಿಹೋಗುತ್ತದೆ. ನಾನಾದರೆ ತೆಗೆದುಕೊಳ್ಳುವುದಿಲ್ಲ.

ಧರ್ಮಕೇಂದ್ರಕ್ಕೆ ಕೊಡುವುದಾದರೆ, ಅಲ್ಲಿ ಒಳ್ಳೆಯ ಕೋಪ್ ಇದೆಯೇ ಅಂತ ಮೊದಲು ಕೇಳಿ. ಕೋಪ್ ದುಬಾರಿ, ಬಟ್ಟೆ ಜಾಸ್ತಿ ಬೇಕು, ವರ್ಷಕ್ಕೆ ಕೆಲವೇ ಸಲ ಹೊರಗೆ ಬರುತ್ತದೆ. ಒಬ್ಬ ಗುರುಗಳ ಪೆಟ್ಟಿಗೆಯಲ್ಲಿ ಇರುವುದಕ್ಕಿಂತ ಅದು ಚರ್ಚಿನ ಕಪಾಟಿನಲ್ಲಿದ್ದು ಎಲ್ಲರಿಗೂ ಬಳಕೆಯಾಗುವುದು ಮೇಲು. ಒಂದೇ ಕೋಪ್ ಕೊಡುವುದಾದರೆ ಬಿಳಿಯದನ್ನೇ ಕೊಡಿ. ಪರಮಪ್ರಸಾದದ ಮೆರವಣಿಗೆಗೂ ಆಶೀರ್ವಾದಕ್ಕೂ ಮದುವೆಗೂ ಆಗುತ್ತದೆ.

ಅಗಲವಾದ ಗೋಥಿಕ್, ಕಿರಿದಾದ ರೋಮನ್

ಚಾಸುಬಲ್ ಅಂತ ನಿಶ್ಚಯವಾದ ಮೇಲೆ ಅಂಗಡಿಯವರು ಕೇಳುವ ಮುಂದಿನ ಪ್ರಶ್ನೆ ಇದು. ಗೋಥಿಕ್ ಅಂದರೆ ಭುಜದಿಂದ ಮಣಿಕಟ್ಟಿನ ಕಡೆಗೆ ಇಳಿಬೀಳುವ ಅಗಲವಾದ ಬಟ್ಟೆ, ಮೆತ್ತಗೆ ಮಡಿಕೆ ಬೀಳುತ್ತದೆ. ರೋಮನ್ ಅಂದರೆ ತೋಳಿನ ಹತ್ತಿರ ಪೂರ್ತಿ ಕತ್ತರಿಸಿದ, ಗಟ್ಟಿಯಾಗಿ ನಿಲ್ಲುವ ಬಟ್ಟೆ. ಅದರ ಮುಂಭಾಗ ನಡುವಿನಲ್ಲಿ ಸಣ್ಣದಾಗುವುದರಿಂದ ಇಂಗ್ಲಿಷ್‌ನವರು ಅದಕ್ಕೆ ಪಿಟೀಲಿನ ಹೆಸರಿಟ್ಟಿದ್ದಾರೆ.

ಪುಟ್ಟ ಮನೆ ಹೀಗೆ ಚಿಕ್ಕದಾಗಿದ್ದು ಯಾಕೆ? 1200ರ ಸುಮಾರಿಗೆ ಪ್ಯಾರಿಸ್ ಕಡೆಯಿಂದ ಒಂದು ಪದ್ಧತಿ ಹರಡಿತು. ಗುರುಗಳು ಪರಮಪ್ರಸಾದವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ತೋರಿಸಬೇಕು. ಮೈಪೂರ್ತಿ ಸುತ್ತಿದ ಬಟ್ಟೆಯಲ್ಲಿ ಕೈ ಎತ್ತುವುದು ಕಷ್ಟ. ಪಕ್ಕದಲ್ಲಿದ್ದವರು ಅಂಚು ಹಿಡಿದು ಸಹಾಯ ಮಾಡಬೇಕಾಗುತ್ತಿತ್ತು. ಅದರ ಜೊತೆಗೆ ರೇಷ್ಮೆ, ಚಿನ್ನದ ಎಳೆ, ದಪ್ಪ ಕಸೂತಿ ಬಂದವು. ಬಟ್ಟೆ ಗಟ್ಟಿಯಾಯಿತು, ಮಡಚಲು ಬಗ್ಗಲಿಲ್ಲ. ಆದ್ದರಿಂದ ಪಕ್ಕಗಳನ್ನು ಸ್ವಲ್ಪ ಕತ್ತರಿಸಿದರು, ಆಮೇಲೆ ಇನ್ನೂ ಸ್ವಲ್ಪ. 16ನೇ ಶತಮಾನದಲ್ಲಿ ಮಿಲಾನ್‌ನ ಆರ್ಚ್‌ಬಿಷಪ್ ಸಂತ ಚಾರ್ಲ್ಸ್ ಬೊರೊಮಿಯೊ ಚಾಸುಬಲ್ ಅಗಲವಾಗಿಯೇ ಇರಬೇಕು ಅಂತ ನಿಯಮ ಬರೆದರು. ಆದರೂ ಕತ್ತರಿ ನಿಲ್ಲಲಿಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ಪ್ಯೂಜಿನ್ ಮತ್ತು ಅವರ ಹಾಗೆ ಯೋಚಿಸಿದವರು ಮಧ್ಯಯುಗದ ಅಗಲವಾದ ರೂಪವನ್ನು ಹಟ ಹಿಡಿದು ವಾಪಸ್ ತಂದರು.

ಈಗ ಎರಡಕ್ಕೂ ಅಡ್ಡಿ ಇಲ್ಲ. ಆರಿಸುವಾಗ ನೋಡಬೇಕಾದ ಒಂದು ವಿಷಯ ಇದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ರೋಮನ್ ಚಾಸುಬಲ್ ಬೆಳೆದ ಕಾಲದಲ್ಲಿ ಗುರುಗಳು ಬಲಿಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಜನರಿಗೆ ಕಾಣುತ್ತಿದ್ದುದು ಬೆನ್ನು. ಅದಕ್ಕೇ ದೊಡ್ಡ ಶಿಲುಬೆ, ಕಸೂತಿ ಎಲ್ಲ ಬೆನ್ನಿನ ಮೇಲೆ. 1960ರ ದಶಕದಲ್ಲಿ ಚರ್ಚಿನ ಆರಾಧನೆಯಲ್ಲಿ ಆದ ಬದಲಾವಣೆಗಳ ನಂತರ ಹೆಚ್ಚಿನ ಕಡೆ ಗುರುಗಳು ಜನರ ಕಡೆ ತಿರುಗಿ ನಿಲ್ಲುತ್ತಾರೆ. ಹಾಗಾಗಿ ಮುಂಭಾಗ ಹೇಗಿದೆ ಅನ್ನೋದೇ ಈಗ ಮುಖ್ಯ. ಆನ್‌ಲೈನ್‌ನಲ್ಲಿ ಬೆನ್ನಿನ ಫೋಟೋ ನೋಡಿ ಮೆಚ್ಚಬೇಡಿ, ಮುಂದಿನದನ್ನು ಕಳಿಸಲು ಹೇಳಿ.

ನನ್ನ ಆಯ್ಕೆ ಗೋಥಿಕ್. ಹೆಸರಿನ ಅರ್ಥಕ್ಕೆ ಅದು ಹತ್ತಿರ, ಬಟ್ಟೆ ಮೈಮೇಲೆ ಇಳಿಬೀಳುವ ಚೆಂದವೇ ಬೇರೆ. ಆದರೆ ರೋಮನ್ ಇಷ್ಟಪಡುವ ಗುರುಗಳೂ ಇದ್ದಾರೆ. ಕರಾವಳಿಯ ಏಪ್ರಿಲ್ ಸೆಖೆಯಲ್ಲಿ ಕೈಗೆ ಗಾಳಿ ಆಡುತ್ತದೆ ಅನ್ನೋದೂ ಸಣ್ಣ ಕಾರಣವಲ್ಲ. ತೊಡುವವರನ್ನೇ ಕೇಳಿಬಿಡಿ, ಎತ್ತರವನ್ನೂ ಕೇಳಿ. ಸಣ್ಣ ಮೈಕಟ್ಟಿನವರಿಗೆ ತೀರಾ ದೊಡ್ಡ ಅಳತೆ ಕೊಟ್ಟರೆ ಬಲಿಪೂಜೆ ಪೂರ್ತಿ ಬಟ್ಟೆ ಸರಿಮಾಡಿಕೊಳ್ಳುವುದೇ ಆಗುತ್ತದೆ.

ಬಟ್ಟೆ ಮತ್ತು ಬಣ್ಣ

ಆಕಾರಕ್ಕಿಂತ ಬಟ್ಟೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಆಲ್ಬ್, ಸ್ಟೋಲ್, ಅದರ ಮೇಲೆ ಚಾಸುಬಲ್ ಅಂದರೆ ನಮ್ಮ ಹವೆಯಲ್ಲಿ ಮೂರು ಪದರ. ಅಸ್ತರು ಹಾಕಿದ ದಪ್ಪ ಪಾಲಿಯೆಸ್ಟರ್ ಬ್ರೊಕೇಡ್ ಯುರೋಪಿನ ಚಳಿಗೆ ಸರಿ, ಮಂಗಳೂರಿಗೋ ರಾಯಚೂರಿಗೋ ಅಲ್ಲ. ಆಯಾ ಪ್ರದೇಶದ ನೈಸರ್ಗಿಕ ಬಟ್ಟೆ ಬಳಸಬಹುದು ಅಂತ ಚರ್ಚಿನ ನಿಯಮವೇ ಹೇಳುತ್ತದೆ. ಅಂದ ಬರಬೇಕಾದದ್ದು ಅಲಂಕಾರ ತುಂಬಿಸುವುದರಿಂದ ಅಲ್ಲ, ಬಟ್ಟೆಯ ಗುಣ ಮತ್ತು ಆಕಾರದಿಂದ ಅಂತಲೂ ಅದೇ ನಿಯಮದಲ್ಲಿದೆ. ನಮ್ಮಲ್ಲಿ ರೇಷ್ಮೆಗೆ ಕೊರತೆಯೇ? ಮೈಸೂರಿನದ್ದಿದೆ, ಮೊಳಕಾಲ್ಮುರಿನದ್ದಿದೆ. ಒಳ್ಳೆಯ ಕೈಮಗ್ಗದ ಬಟ್ಟೆ ತಂದು, ಪೂಜಾವಸ್ತ್ರ ಹೊಲಿದು ಗೊತ್ತಿರುವ ಕನ್ಯಾಸ್ತ್ರೀ ಮಠದವರಿಂದಲೋ ದರ್ಜಿಯಿಂದಲೋ ಹೊಲಿಸಿ. ವಿದೇಶಿ ಬ್ರೊಕೇಡ್‌ಗಿಂತ ಅದು ಹಗುರ, ಮತ್ತು ನಮ್ಮದು. ದಿನಬಳಕೆಗಾದರೆ ನೀರಲ್ಲಿ ಒಗೆಯಲು ಆಗುತ್ತದೆಯೇ ಅಂತ ಕೇಳಲು ಮರೆಯಬೇಡಿ.

ಬಣ್ಣದ ವಿಷಯದಲ್ಲಿ ಎಲ್ಲರೂ ಕೊಡುವುದು ಬಿಳಿ ಅಥವಾ ಚಿನ್ನದ ಬಣ್ಣ. ದೀಕ್ಷೆಯ ದಿನಕ್ಕೆ ಅದೇ ಬೇಕು, ನಿಜ. ಆದರೆ ಹತ್ತು ಜನ ಹತ್ತು ಬಿಳಿ ಕೊಟ್ಟರೆ ಪ್ರಯೋಜನ ಕಡಿಮೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಮತ್ತು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲಕ್ಕೆ ನೇರಳೆ. ಪೆಂತೆಕೋಸ್ತ್, ಶುಭ ಶುಕ್ರವಾರ, ರಕ್ತಸಾಕ್ಷಿಗಳ ಹಬ್ಬಕ್ಕೆ ಕೆಂಪು. ಕ್ರಿಸ್‌ಮಸ್ ಮತ್ತು ಪಾಸ್ಕಕ್ಕೆ (ಈಸ್ಟರ್) ಬಿಳಿ. ಮಿಕ್ಕ ಸಾಧಾರಣ ಕಾಲ ವರ್ಷದಲ್ಲಿ 33 ಅಥವಾ 34 ವಾರ ಇರುತ್ತದೆ. ಅದರ ಬಣ್ಣ ಹಸಿರು. ಅತಿ ಹೆಚ್ಚು ಸವೆಯುವುದು, ಕುತ್ತಿಗೆಯ ಹತ್ತಿರ ಬೇಗ ಕಪ್ಪಾಗುವುದು ಹಸಿರು ಚಾಸುಬಲ್. ಉಡುಗೊರೆಯಾಗಿ ಬರುವುದು ಅತಿ ಕಡಿಮೆಯೂ ಅದೇ. ನೀವು ಚಿಕ್ಕಮ್ಮನೋ ದೊಡ್ಡಪ್ಪನೋ ಆಗಿದ್ದರೆ, ಬಿಳಿಯದನ್ನು ಮನೆಯವರಿಗೆ ಬಿಟ್ಟು ನೀವು ಒಂದು ಒಳ್ಳೆಯ ಹಸಿರು ಕೊಡಿ. ಗುಲಾಬಿ ಬಣ್ಣ ವರ್ಷಕ್ಕೆ ಎರಡೇ ಭಾನುವಾರ, ಅದನ್ನು ಚರ್ಚಿಗೆ ಬಿಡಿ.

ಡಾಲ್ಮ್ಯಾಟಿಕ್, ಸ್ಟೋಲ್, ಆಲ್ಬ್

ಡಾಲ್ಮ್ಯಾಟಿಕ್‌ಗೆ ತೋಳುಗಳಿವೆ. ಈಗಿನ ಕ್ರೊಯೇಷಿಯಾದ ಕಡಲತೀರದ ಡಾಲ್ಮೇಷಿಯಾದಿಂದ ಆ ಹೆಸರು. 301ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ಬೆಲೆಪಟ್ಟಿಯಲ್ಲಿ ಅದೂ ಇದೆ. ಇದು ಡೀಕನ್‌ಗಳ ವಸ್ತ್ರ. ನಮ್ಮಲ್ಲಿ ಹೆಚ್ಚಿನವರು ಸ್ವಲ್ಪ ಕಾಲ ಮಾತ್ರ ಡೀಕನ್ ಆಗಿದ್ದು ಆಮೇಲೆ ಗುರುಗಳಾಗುತ್ತಾರೆ. ಅದಕ್ಕಾಗಿ ಸ್ವಂತಕ್ಕೆ ಡಾಲ್ಮ್ಯಾಟಿಕ್ ಕೊಡಿಸುವುದು ಬೇಡ ಅಂತ ನನ್ನ ಸಲಹೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಸ್ಟೋಲ್ ಕೊಡಿ. ಇದು ಚಿಕ್ಕ ಉಡುಗೊರೆ ಅಂತ ಸಂಕೋಚ ಬೇಡ. ಒಂದು ಕಡೆ ನೇರಳೆ, ಇನ್ನೊಂದು ಕಡೆ ಬಿಳಿ ಇರುವ ಸಣ್ಣ ಸ್ಟೋಲ್ ಸಿಗುತ್ತದೆ. ಪಾಪನಿವೇದನೆಗೆ, ಆಸ್ಪತ್ರೆಯಲ್ಲಿ ರೋಗಿಗಳ ಅಭ್ಯಂಗಕ್ಕೆ ಗುರುಗಳು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತಾರೆ. ಆಲ್ಬ್ ಅಂದರೆ ಲ್ಯಾಟಿನ್‌ನಲ್ಲಿ ಬಿಳಿ, ಅಷ್ಟೇ. ಮಿಕ್ಕ ಎಲ್ಲಕ್ಕೂ ಅಡಿಯಲ್ಲಿ ಹಾಕುವ ಬಿಳಿ ನಿಲುವಂಗಿ. ಹತ್ತಿಯದ್ದು, ಸರಿಯಾದ ಉದ್ದದ್ದು ಎರಡು ಇದ್ದರೆ ಒಳ್ಳೆಯದು.

ಆರ್ಡರ್ ಮಾಡುವ ಮುಂಚೆ ಯಾವ ಸಭೆ ಅಂತ ನೋಡಿ

ಇಲ್ಲಿಯವರೆಗೆ ಹೇಳಿದ್ದು ಲ್ಯಾಟಿನ್ ಪದ್ಧತಿಯ ಕಥೋಲಿಕರ ಮಾತು. ಬೆಳ್ತಂಗಡಿ, ಭದ್ರಾವತಿ ಕಡೆ ಸಿರೋ ಮಲಬಾರ್ ಸಭೆಯ ಗುರುಗಳಿದ್ದಾರೆ, ಪುತ್ತೂರಿನಲ್ಲಿ ಸಿರೋ ಮಲಂಕರ ಸಭೆಯವರಿದ್ದಾರೆ. ಅವರ ಸಿರಿಯಾಕ್ ಪದ್ಧತಿಯಲ್ಲಿ ಪೂಜೆಯ ಮೇಲುವಸ್ತ್ರ ಮುಂದೆ ತೆರೆದಿರುತ್ತದೆ. ಕೇರಳದ ಮೂಲದವರು ಅದನ್ನು ‘ಕಾಪ್ಪ’ ಅನ್ನುತ್ತಾರೆ, ಪೋರ್ಚುಗೀಸರ ‘ಕಾಪ’ದಿಂದ ಬಂದ ಹೆಸರು. ನೋಡಲು ಕೋಪ್, ಕೆಲಸದಲ್ಲಿ ಚಾಸುಬಲ್! ಅದರ ಸಿರಿಯಾಕ್ ಹೆಸರು ‘ಫೈನೊ’. ಪೌಲನ ಮೇಲಂಗಿಯ ಹೆಸರಿನ ಕುಟುಂಬಕ್ಕೇ ಸೇರಿದ್ದು. ಅವರಿಗೆ ಲ್ಯಾಟಿನ್ ಅಂಗಡಿಯ ಕೋಪ್ ತಂದುಕೊಟ್ಟರೆ ಆಗುವುದಿಲ್ಲ. 1947ರಲ್ಲಿ ಹುಟ್ಟಿದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರಾಟೆಸ್ಟೆಂಟ್ ಸಭೆಯಲ್ಲಿ ಸಾಮಾನ್ಯವಾಗಿ ನಿಲುವಂಗಿ ಮತ್ತು ಸ್ಟೋಲ್ ಸಾಕು. ಅಲ್ಲಿನ ಪಾಸ್ಟರ್‌ಗೆ ಚಾಸುಬಲ್ ಕೊಡುವ ಮಾತು ಸಾಮಾನ್ಯವಾಗಿ ಬರುವುದಿಲ್ಲ.

ನಮ್ಮ ದೇಶದ್ದೇ ಆದ ಇನ್ನೊಂದು ದಾರಿಯೂ ಇದೆ. 1969ರ ಏಪ್ರಿಲ್‌ನಲ್ಲಿ ರೋಮ್ ಭಾರತದ ಆರಾಧನೆಗೆ 12 ಹೊಂದಾಣಿಕೆಗಳನ್ನು ಒಪ್ಪಿತು. ಆಲ್ಬ್ ಮತ್ತು ಚಾಸುಬಲ್ ಬದಲು ಒಂದೇ ಉದ್ದನೆಯ ಅಂಗಿ, ಅದರ ಮೇಲೆ ಸ್ಟೋಲ್‌ನಂತೆ ಹೊದೆಯುವ ಶಾಲು ಅನ್ನೋದು ಅದರಲ್ಲಿ ಒಂದು. ಬೆಂಗಳೂರಿನ ಎನ್‌ಬಿಸಿಎಲ್‌ಸಿಯಲ್ಲಿ (ಬೈಬಲ್, ಧರ್ಮಬೋಧನೆ ಮತ್ತು ಆರಾಧನೆಯ ರಾಷ್ಟ್ರೀಯ ಕಥೋಲಿಕ ಕೇಂದ್ರ) ಫಾದರ್ ಅಮಲೋರ್ಪವದಾಸ್ ಅವರು ಇಂಥ ಆರಾಧನೆಗೆ ಜೀವ ಕೊಟ್ಟರು. ನೆಲದ ಮೇಲೆ ಕುಳಿತು ಅರ್ಪಿಸುವ ಬಲಿಪೂಜೆಗೆ ಈ ಶಾಲು ಬಹಳ ಚೆನ್ನಾಗಿ ಒಪ್ಪುತ್ತದೆ. ಕಾವಿ ಬಣ್ಣದ ಒಳ್ಳೆಯ ಶಾಲು ಅದ್ಭುತ ಉಡುಗೊರೆ. ಆದರೆ ಆ ಧರ್ಮಪ್ರಾಂತ್ಯದಲ್ಲಿ ಈ ಪದ್ಧತಿ ಬಳಕೆಯಲ್ಲಿದೆಯೇ ಅಂತ ವಿಚಾರಿಸಿ ಕೊಡಿ.

ಕೊನೆಯದಾಗಿ, ಇಡುವುದು ಹೇಗೆ ಅಂತ ಮೊದಲೇ ಯೋಚಿಸಿ. ಚಾಸುಬಲ್‌ಗೆ ದಪ್ಪ, ಅಗಲವಾದ ಹ್ಯಾಂಗರ್ ಬೇಕು. ತೆಳು ತಂತಿಯದ್ದಾದರೆ ಭುಜದ ಹತ್ತಿರ ಬಟ್ಟೆ ಉಬ್ಬುತ್ತದೆ. ಜರಿ ಇರುವುದನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಡಿಕೆಯನ್ನು ಆಗಾಗ ಬದಲಾಯಿಸಬೇಕು. ನುಸಿಗುಳಿಗೆ ಜರಿಗೆ ತಾಗಬಾರದು. ಕೋಪ್ ಮಡಚಿದರೆ ಕಸೂತಿ ಮುರಿಯುತ್ತದೆ. ಇಂಗ್ಲೆಂಡಿನ ಯಾರ್ಕ್, ವೆಲ್ಸ್ ಕಥೀಡ್ರಲ್‌ಗಳಲ್ಲಿ ಮಧ್ಯಯುಗದವರು ಇದಕ್ಕಾಗಿಯೇ ಮಾಡಿಸಿದ ದೊಡ್ಡ ಮರದ ಪೆಟ್ಟಿಗೆಗಳು ಇನ್ನೂ ಇವೆ. ನಿಮ್ಮ ಚರ್ಚಿನಲ್ಲಿ ಕೋಪ್ ಅನ್ನು ಹರಡಿ ಇಡುವಷ್ಟು ಅಗಲದ ಡ್ರಾಯರ್ ಇಲ್ಲದಿದ್ದರೆ, ಕೋಪ್ ಜೊತೆಗೆ ಬಡಗಿಗೂ ಒಂದು ಮಾತು ಹೇಳಿಡಿ.